ರಿಟರ್ನ್ಸ್ ಸಲ್ಲಿಸುವ ಮುನ್ನ

ಆದಾಯ ತೆರಿಗೆಯ ರಿಟರ್ನ್ಸ್ ಸಲ್ಲಿಸಲುದ್ಯುಕ್ತರಾದ ವಾಚಕ ಮಹಾಶಯರು, ತಮ್ಮ ವರಮಾನದ ವಿಷಯವಾಗಿ ಸರ್ಕಾರಕ್ಕೆ ಈಗಾಗಲೇ ತಿಳಿದಿರುವುದೇನೆಂಬುದನ್ನು ಮೊದಲು ಪರಾಂಬರಿಸುವುದು ವಿಹಿತ. ಉದ್ಯೋಗದಾತರೂ ಬ್ಯಾಂಕುಗಳೂ ಮೂಲದಲ್ಲಿಯೇ ಕಡಿತಗೊಳಿಸಿದ ತೆರಿಗೆಯು ಇಲಾಖೆಯ ಜಾಲತಾಣದ 26ಎಎಸ್ ನಮೂನೆಯಲ್ಲಿಯೂ, ಠೇವಣಿಯ ಬಡ್ಡಿ, ಷೇರುಗಳ ಲಾಭಾಂಶ, ಮ್ಯೂಚುವಲ್ ಫಂಡಿನ ಕ್ರಯವಿಕ್ರಯ ಮೊದಲಾದವು 2021ರ ನವೆಂಬರಿನಲ್ಲಿ ಬಳಕೆಗೆ ಬಂದ ಎಐಎಸ್ ಎಂಬ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿಯೂ ದಾಖಲಾಗಿರುತ್ತವೆ. ಇವೆರಡನ್ನೂ ಉದ್ಯೋಗದಾತರು ಕೊಡುವ ನಮೂನೆ 16ರೊಡನೆಯೂ ಪಾಸ್‌ಬುಕ್ಕಿನೊಡನೆಯೂ ತಾಳೆ ನೋಡತಕ್ಕದ್ದು. ಬ್ಯಾಂಕು ತೆರಿಗೆ ಹಿಡಿಯಲಿಲ್ಲವೆಂದ ಮಾತ್ರಕ್ಕೆ ಉಳಿತಾಯ ಖಾತೆಯ ಬಡ್ಡಿಯು ಆದಾಯವಲ್ಲವೆಂದು ಭಾವಿಸಲಾಗದು.

ಮಾರ್ಚಿಗೆ ಮುಗಿಯುವ ತ್ರೈಮಾಸಿಕದ ಕಡಿತದ ಲೆಕ್ಕವನ್ನೊಪ್ಪಿಸಲು ತೆರಿಗೆ ಕಡಿತಗೊಳಿಸಿದವರಿಗೆ ಸಾಮಾನ್ಯವಾಗಿ ಮೇ 31ರವರೆಗೆ ಅವಕಾಶವಿರುವುದರಿಂದ, ಜೂನ್ ಮಧ್ಯಭಾಗಕ್ಕಿಂತ ಮೊದಲು ನೋಡಿದರೆ ವಿವರಗಳು ಅಪೂರ್ಣವಾಗಿರುವ ಸಂಭವವುಂಟು. ಅಲ್ಲಿ ಕಂಡದ್ದೆಲ್ಲವನ್ನೂ ವೇದವಾಕ್ಯವೆಂದೆಣಿಸಬೇಕಾಗಿಯೂ ಇಲ್ಲ: ಒಂದೇ ವ್ಯವಹಾರವು ಎರಡು ಬಾರಿ ನಮೂದಾಗಿದ್ದರೆ, ಅಥವಾ ಪರರ ಆದಾಯವು ನಮ್ಮ ಪ್ಯಾನ್ ಸಂಖ್ಯೆಗೆ ಸೇರಿಹೋಗಿದ್ದರೆ, ಎಐಎಸ್‌ನಲ್ಲಿಯೇ ಆಕ್ಷೇಪ ದಾಖಲಿಸಬಹುದು, 26ಎಎಸ್‌ನಲ್ಲಿ ಕಡಿತವು ಕಾಣದಿದ್ದರೆ, ಹಣ ಕಡಿತಗೊಳಿಸಿದವರಿಂದಲೇ ಅದನ್ನು ತಿದ್ದಿಸಬೇಕು. ಹಾಗೆಯೇ, ಸರ್ಕಾರದ ಪಟ್ಟಿಯಲ್ಲಿ ಬಾರದ ಆದಾಯವನ್ನೂ ತಾವಾಗಿ ತೋರಿಸುವ ಹೊಣೆಯು ತೆರಿಗೆದಾರರದೇ ಎಂಬುದನ್ನು ಮರೆಯಲಾಗದು.