ಶಿಶುಶಾಲೆಯಲ್ಲಿ ಅಪಾಯದ ಅರಿವು



ಮೂರರಿಂದ ಆರು ವರುಷದ ಮಕ್ಕಳಿಗೆ ಅಕ್ಷರಗಳನ್ನೂ ಅಂಕೆಗಳನ್ನೂ ಹಾಡುಗಳನ್ನೂ ಕಲಿಸಬೇಕೆಂಬ ಆಸಕ್ತಿಯು ನಮ್ಮ ಗ್ರಾಮಗಳಲ್ಲಿ ಈಗ ಸಾಕಷ್ಟು ಉಂಟು. ಆದರೆ ಪ್ರಾಣವನ್ನು ಕಾಪಾಡಿಕೊಳ್ಳುವ ಪಾಠವನ್ನು ಕೇಳುವವರು ಕಡಿಮೆ. ಬುದ್ಧಿ ಬಂದ ಹಾಗೆ ಅದು ತಾನಾಗಿ ಬರುವದೆಂದು ಬಹು ಜನರು ನೆನಸುತ್ತಾರೆ. ಬುದ್ಧಿ ಬರುವದಕ್ಕೆ ಮುಂಚೆಯೇ ಬಾವಿಯು ಅಲ್ಲಿರುವದಷ್ಟೆ.

ಜರ್ಮನಿ ದೇಶದ ಫ್ರೀಡ್ರಿಕ್ ಫ್ರೋಬೆಲನು 1840ರಲ್ಲಿ ತನ್ನ ಶಿಶುಶಾಲೆಗೆ ‘ಕಿಂಡರ್‌ಗಾರ್ಟನ್’, ಅಂದರೆ ಮಕ್ಕಳ ತೋಟ, ಎಂಬ ಹೆಸರನ್ನಿಟ್ಟನು. ತೋಟಕ್ಕೆ ಬೇಲಿ ಬೇಕೆಂಬದನ್ನು ಬೇಸಾಯಗಾರರಾದ ನಮ್ಮ ವಾಚಕರಿಗೆ ಹೇಳಬೇಕಾದದ್ದಿಲ್ಲ. ಆದರೆ ಬೇಲಿಯನ್ನು ಹಾಕುವದು ದೊಡ್ಡವರ ಕೆಲಸವೇ ಹೊರತು ಕೂಸಿನದಲ್ಲ. 2004ನೇ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಒಂದು ಶಾಲೆಯಲ್ಲಿ, ಮಧ್ಯಾಹ್ನದ ಊಟವನ್ನು ಬೇಯಿಸುತ್ತಿದ್ದ ಅಡಿಗೆಮನೆಯಿಂದ ಹೊತ್ತಿದ ಬೆಂಕಿಯು ತರಗತಿಯ ಗರಿಚಾವಣಿಗೆ ಹಬ್ಬಿ 94 ಮಕ್ಕಳು ಸತ್ತರು. ಆ ಮಕ್ಕಳು ಎಷ್ಟು ಪಾಠವನ್ನು ಕಲಿತಿದ್ದರೂ ಆ ಚಾವಣಿಯು ಅಲ್ಲಿರಬಾರದಾಗಿತ್ತು. ಹಾಗೆಯೇ ಪಾಳು ಕೊಳವೆ ಬಾವಿಗಳ ಬಾಯನ್ನು ಮುಚ್ಚಬೇಕೆಂದು ಸುಪ್ರೀಮ್ ಕೋರ್ಟು 2010ರಲ್ಲಿಯೇ ಸೂಚಿಸಿತ್ತು. ಆದಾಗ್ಯೂ 2024ನೇ ಏಪ್ರಿಲಿನಲ್ಲಿ ವಿಜಯಪುರ ಜಿಲ್ಲೆಯ ಲಚ್ಯಾಣ ಗ್ರಾಮದಲ್ಲಿ ಒಂದು ಎಳೇ ಕೂಸು ತೆರೆದ ಕೊಳವೆ ಬಾವಿಯಲ್ಲಿ ಬಿತ್ತು; ಸುಮಾರು 20 ತಾಸುಗಳ ಪ್ರಯಾಸದ ಮೇಲೆ ಅದನ್ನು ಜೀವದಿಂದ ಎತ್ತಿದರು. ಆ ವಯಸ್ಸಿನ ಕೂಸಿಗೆ ಕಲ್ಲು ಮಣ್ಣು ಹಾಕಿ ಮುಚ್ಚಿದ ಬಾವಿಯೇ ಪಾಠ.

ಬೇಲಿಯನ್ನು ಹಾಕಿದ ಮೇಲೆ ಕಲಿಸತಕ್ಕದ್ದು ಯಾವದು? ‘ಜೋಕೆ, ಜೋಕೆ’ ಎಂದು ನಾವು ದಿನಕ್ಕೆ ನೂರು ಸಾರಿ ಕೂಗುತ್ತೇವೆ. ಆ ಮಾತಿನಿಂದ ಏನು ಮಾಡಬೇಕೆಂಬದು ನಾಲ್ಕು ವರುಷದ ಮಗುವಿಗೆ ತಿಳಿಯದು. ಮಾಡಬೇಕಾದ ಕ್ರಿಯೆಯನ್ನೇ ಹೇಳಿ, ಕೈಕಾಲುಗಳಿಂದ ಮಾಡಿಸಿ, ಆಟದಲ್ಲಿ ರೂಢಿಮಾಡಬೇಕು. ಉದಾಹರಣೆಗೆ ನೀರಿನ ವಿಷಯವನ್ನೇ ತೆಗೆದುಕೊಳ್ಳೋಣ. ಹೊಲಗಳಲ್ಲಿ ಈಗ ಕೃಷಿಹೊಂಡಗಳು ಹೆಚ್ಚಾಗಿವೆ. ಒಳಗೆ ಹಾಸಿದ ಪ್ಲಾಸ್ಟಿಕ್ ಹಾಳೆಯು ಜಾರುವದರಿಂದ ಬಿದ್ದವರು, ಈಜು ಬಲ್ಲವರು ಕೂಡ, ಮೇಲಕ್ಕೆ ಹತ್ತುವದು ಬಹಳ ಕಷ್ಟ. ಉಪಾಧ್ಯಾಯಿನಿಯು ಅಂಗಳದಲ್ಲಿ ಸುಣ್ಣದಿಂದ ದೊಡ್ಡದೊಂದು ವೃತ್ತವನ್ನು ಬರೆದು, ‘ಇದು ಹೊಂಡ’ ಎಂದು ಹೇಳಿ, ಚೆಂಡನ್ನು ಅದರೊಳಕ್ಕೆ ಉರುಳಿಸಲಿ. ಮಕ್ಕಳು ಚೆಂಡಿನ ಹಿಂದೆ ಓಡದೆ ಗೆರೆಯ ಹೊರಗೆ ನಿಂತು, ಹಿಂದಿರುಗಿ, ದೊಡ್ಡವರನ್ನು ಕೂಗಿ ಕರೆಯಬೇಕು. ಮರುದಿನ ಚೆಂಡಿಗೆ ಬದಲಾಗಿ ಒಂದು ಮಗುವಿನ ಚಪ್ಪಲಿಯನ್ನೂ ಆ ಮೇಲೆ ಗೊಂಬೆಯನ್ನೂ ಇಡಲಿ. ಕಡೆಗೆ, ಗೆಳೆಯನೇ ಬಿದ್ದನೆಂದು ಆಡಿಸಲಿ. ಆಗಲೂ ಇಳಿಯದೆ ಕೂಗಲೇಬೇಕು. ತಿಂಗಳಿಗೊಮ್ಮೆ ಈ ಆಟವನ್ನು ತಿರುಗಿ ಆಡಿಸದಿದ್ದರೆ ಮಕ್ಕಳು ಮರೆತುಬಿಡುವರು. ಮುಳುಗುವ ಕೂಸು ಸಾಮಾನ್ಯವಾಗಿ ಕೂಗುವದಿಲ್ಲವೆಂಬದನ್ನೂ, ಬಚ್ಚಲ ಬಕೀಟಿನಲ್ಲಿರುವ ಗೇಣುದ್ದದ ನೀರೂ ತೆವಳುವ ಕೂಸಿಗೆ ಸಾಕೆಂಬದನ್ನೂ ತಾಯಂದಿರು ನೆನಪಿಡಲಿ.

ವಿಷದ ವಿಷಯದಲ್ಲಿ ನಮ್ಮ ನುಡಿಯೇ ಮಕ್ಕಳನ್ನು ಮೋಸಗೊಳಿಸುತ್ತದೆ. ಬೆಳೆಗೆ ಹೊಡೆಯುವ ವಿಷವನ್ನು ನಾವು ‘ಔಷಧ’ ಎನ್ನುತ್ತೇವೆ. ಜ್ವರ ಬಂದಾಗ ಕುಡಿಸುವದನ್ನೂ ‘ಔಷಧ’ ಎನ್ನುತ್ತೇವೆ. ಸಾಲದೆ ಹೋದರೆ ಮಿಕ್ಕದ್ದನ್ನು ಶರಬತ್ತಿನ ಶೀಶೆಯಲ್ಲಿ ತುಂಬಿ ಮೂಲೆಯಲ್ಲಿಡುತ್ತೇವೆ. ಓದಲರಿಯದ ಮಗುವು ಇದರಿಂದ ಏನು ತಿಳಿಯಬೇಕು? ವಿಷವನ್ನು ವಿಷವೆಂದೇ ಕರೆದು, ಅದರ ಸ್ವಂತ ಡಬ್ಬಿಯಲ್ಲೇ ಬೀಗದೊಳಗಿಡಿರಿ. ಮನೆಯವರು ಕೈಯಾರೆ ಕೊಟ್ಟದ್ದನ್ನಲ್ಲದೆ ಬೇರೆ ಯಾವದನ್ನೂ ಕುಡಿಯಕೂಡದೆಂಬದು ಮಗುವಿನ ಪಾಲಿನ ಪಾಠ. ರಸ್ತೆಯ ವಿಷಯವಾದರೋ, ಬರುವ ವಾಹನದ ವೇಗವನ್ನು ಅಳೆಯುವ ಶಕ್ತಿಯು ಈ ವಯಸ್ಸಿನಲ್ಲಿ ಇಲ್ಲ. ಕೈಹಿಡಿದು ದಾಟಿಸುವದೇ ಸರಿ.

ಇನ್ನು ಹೆದರಿಕೆಯ ಕುರಿತು ಕೆಲವು ಮಾತುಗಳು. ‘ಗುಮ್ಮ ಬರುತ್ತಾನೆ, ಪೋಲೀಸನಿಗೆ ಹಿಡಿದುಕೊಡುತ್ತೇನೆ’ ಎಂದು ಹೆದರಿಸಿ ಬೆಳೆಸಿದ ಮಗುವು ಜಾತ್ರೆಯಲ್ಲಿ ತಪ್ಪಿಸಿಕೊಂಡರೆ ಯಾರ ಬಳಿಗೆ ಹೋಗಬೇಕು? ಸಹಾಯಮಾಡತಕ್ಕವನನ್ನು ಕಂಡೇ ಅದು ಓಡುವದು. ಹೊಡೆತದ ಭಯವು ಇದಕ್ಕಿಂತಲೂ ಕೆಟ್ಟದ್ದು. ಬೀದಿಯಲ್ಲಿ ನಾಯಿಯನ್ನು ಕೆಣಕಿ ಕಚ್ಚಿಸಿಕೊಂಡ ಹುಡುಗನು, ಮನೆಯಲ್ಲಿ ಬೆನ್ನು ಮುರಿಯುವರೆಂದು ಹೆದರಿ ಗಾಯವನ್ನು ಅಂಗಿಯೊಳಗೆ ಮರೆಮಾಡುತ್ತಾನೆ. ಹುಚ್ಚು ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆಂದೇ ಹೇಳಬಹುದು. ಅದೇ ಹುಡುಗನು ಕೂಡಲೇ ಹೇಳಿದ್ದಾದರೆ, ಹರಿಯುವ ನೀರು ಸಾಬೂನುಗಳಿಂದ ಗಾಯವನ್ನು 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಕರೆದೊಯ್ದು ಸೂಜಿಮದ್ದನ್ನು ಆರಂಭಿಸಿ, ಹೇಳಿದ ದಿನಗಳಲ್ಲೆಲ್ಲಾ ಹಾಕಿಸಿದರೆ ಆ ರೋಗವನ್ನು ತಡೆಯಬಹುದು. ಆದದರಿಂದ, ‘ತಪ್ಪು ನಿನ್ನದಾದರೂ ಸರಿ, ನೋವಾದರೆ ಬಂದು ಹೇಳು, ಹೊಡೆಯುವದಿಲ್ಲ’ ಎಂದು ತಾಯಿತಂದೆಗಳು ಮಾತುಕೊಟ್ಟು ಅದನ್ನು ನಡಿಸಬೇಕು.

ಹೇಳುವ ಈ ರೂಢಿಯೇ ಮತ್ತೊಂದು ಅಪಾಯದಲ್ಲಿಯೂ ಬೇಕಾಗಿದೆ. ಅದನ್ನು ಬರೆಯುವದಕ್ಕೆ ನಾಚಿಕೆಪಡುವ ಕಾಲವು ಮುಗಿಯಿತು. ಮಕ್ಕಳ ದೇಹವನ್ನು ಕೆಡಿಸುವವರು ಬಹುಪಾಲು ಅಪರಿಚಿತರಲ್ಲ. ಮಾಮ, ಅಣ್ಣ ಎಂದು ಕರೆಯಿಸಿಕೊಂಡು ಮನೆಯೊಳಗೆ ಬರುವವರೇ. ಚಡ್ಡಿಯೊಳಗಿನ ಅಂಗಗಳನ್ನು ಸ್ನಾನಕ್ಕಾಗಲಿ ವೈದ್ಯಕ್ಕಾಗಲಿ ತಾಯಿಯ ಎದುರಿನಲ್ಲಲ್ಲದೆ ಯಾರೂ ಮುಟ್ಟಕೂಡದೆಂದೂ, ‘ಇದು ಗುಟ್ಟು, ಯಾರಿಗೂ ಹೇಳಬೇಡ’ ಎನ್ನುವವನ ಮಾತನ್ನು ಆಗಲೇ ಅಮ್ಮನಿಗೆ ಹೇಳಬೇಕೆಂದೂ ಹಲ್ಲುಜ್ಜುವದನ್ನು ಕಲಿಸುವಷ್ಟೇ ಸರಳವಾಗಿ ಕಲಿಸಿರಿ. ಮುದ್ದಿಸಿಕೊಳ್ಳಲು ಮಗುವು ಒಲ್ಲೆನೆಂದರೆ ಬಲವಂತಮಾಡಬೇಡಿರಿ. ಅದು ಬಂದು ಹೇಳಿದಾಗ ಮೊದಲು ನಂಬಿರಿ; ‘ದೊಡ್ಡವರ ಮೇಲೆ ಹಾಗೆನ್ನಬಾರದು’ ಎಂದು ಬಾಯಿ ಮುಚ್ಚಿಸಿದರೆ ಎರಡನೆಯ ಸಾರಿ ಹೇಳದು. ಇಂಥ ಸಂಗತಿಯನ್ನು ತಿಳಿದವರು ಪೋಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೋ ಕಾಯಿದೆಯು ವಿಧಿಸುತ್ತದೆ. ಊರಿನ ಪಂಚಾಯಿತಿಯಲ್ಲಿ ರಾಜಿಮಾಡಿ ಮುಗಿಸುವದಕ್ಕೆ ಯಾರಿಗೂ ಅಧಿಕಾರವಿಲ್ಲ. ಮಕ್ಕಳ ಸಹಾಯಕ್ಕಾಗಿ 1098 ಎಂಬ ದೂರವಾಣಿಯು ಹಗಲೂ ರಾತ್ರಿಯೂ ಉಂಟು. ಈ ಅಂಕೆಗಳನ್ನೂ 112 ಎಂಬದನ್ನೂ ಶಿಶುಶಾಲೆಯ ಬಾಗಿಲ ಮೇಲೆ ದೊಡ್ಡದಾಗಿ ಬರೆಯಿಸಿರಿ. ಬೆರಳಿಟ್ಟು ಓದಿಸಿದರೆ ಅಂಕೆಯ ಪಾಠವೂ ಆದೀತು.