ಒಂದೇ ಲೇಖನ, ಹತ್ತು ತಾಣ

ಬರೆದ ಲೇಖನವನ್ನು ಸಿಕ್ಕ ಸಿಕ್ಕ ವೆಬ್‌ಸೈಟಿಗೆಲ್ಲ ಕಳಿಸಿದರೆ ಗೂಗಲ್‌ನಲ್ಲಿ ಮೇಲೆ ಬರುತ್ತೇವೆ ಎಂಬ ನಂಬಿಕೆ ಇನ್ನೂ ಹೋಗಿಲ್ಲ. ಹಿಂದೆ ಅದರಲ್ಲಿ ಸ್ವಲ್ಪ ಹುರುಳಿತ್ತು. 2011ರ ಫೆಬ್ರುವರಿಯಲ್ಲಿ ಗೂಗಲ್ ‘ಪಾಂಡಾ’ ಎಂಬ ಬದಲಾವಣೆ ತಂದದ್ದೇ ತಡ, ಯಾರು ಏನು ಕೊಟ್ಟರೂ ಹಾಕಿಕೊಳ್ಳುತ್ತಿದ್ದ ಲೇಖನ ಭಂಡಾರಗಳು ಕೆಳಗಿಳಿದವು.

ಹಾಗೆಂದು ನಕಲು ಕಂಡೊಡನೆ ದಂಡ ಬೀಳುತ್ತದೆ ಎಂದು ಹೆದರಬೇಕಿಲ್ಲ. ಮೋಸದ ಉದ್ದೇಶವಿಲ್ಲದಿದ್ದರೆ ಗೂಗಲ್ ಶಿಕ್ಷಿಸುವುದಿಲ್ಲ. ಒಂದೇ ಬರಹ ಹಲವು ಕಡೆ ಇದ್ದರೆ ಸಾಮಾನ್ಯವಾಗಿ ಅದರಲ್ಲೊಂದನ್ನು ಆರಿಸಿ ತೋರಿಸುತ್ತದೆ, ಉಳಿದವನ್ನು ಬದಿಗಿಡುತ್ತದೆ. ತೊಂದರೆ ಇರುವುದೇ ಇಲ್ಲಿ: ಆ ಒಂದು ನಿಮ್ಮದೇ ಆಗಿರಬೇಕೆಂದಿಲ್ಲ. ನೀವು ಪುಕ್ಕಟೆ ಕೊಟ್ಟ ದೊಡ್ಡ ತಾಣದ ಪ್ರತಿಯೇ ಮೇಲೆ ಬಂದು ಕೂರಬಹುದು.

ಅದಕ್ಕೇ ಮೊದಲು ನಿಮ್ಮ ತಾಣದಲ್ಲಿ ಹಾಕಿ, ಗೂಗಲ್ ಅದನ್ನು ಸೇರಿಸಿಕೊಂಡಿತೇ ಎಂದು ಅದರದೇ ಸಾಧನವಾದ ಸರ್ಚ್ ಕನ್ಸೋಲ್‌ನಲ್ಲಿ ನೋಡಿ. ಬೇರೆಯವರು ಲೇಖನ ಕೇಳಿದರೆ, ತಮ್ಮ ಪ್ರತಿಯನ್ನು ಗೂಗಲ್ ಸೇರಿಸಿಕೊಳ್ಳದಂತೆ ‘ನೋಇಂಡೆಕ್ಸ್’ ಸೂಚನೆ ಹಾಕುತ್ತಾರೆಯೇ ವಿಚಾರಿಸಿ. ಒಪ್ಪದಿದ್ದರೆ ಬೇರೆಯದನ್ನೇ ಬರೆದುಕೊಡಿ. ಉದಾಹರಣೆಗೆ, ಅಡಿಕೆಯ ಕೊಳೆರೋಗ ಹೇಗೆ ಹರಡುತ್ತದೆ ಎಂಬುದು ನಿಮ್ಮಲ್ಲಿರಲಿ. ಅದನ್ನು ತಡೆಯುವ ಬೋರ್ಡೋ ದ್ರಾವಣ ತಯಾರಿಸುವ ಬಗೆ ಅವರಿಗೆ ಹೋಗಲಿ, ಜೊತೆಗೆ ನಿಮ್ಮ ಲೇಖನಕ್ಕೊಂದು ಲಿಂಕ್.

‘ತೋಟ’ ಇದ್ದಲ್ಲಿ ‘ಉದ್ಯಾನ’, ‘ಮಳೆ’ ಇದ್ದಲ್ಲಿ ‘ವರ್ಷ’ ತುಂಬಿ ಹೊಸ ಲೇಖನ ಎನ್ನುವ ಸಾಫ್ಟ್‌ವೇರ್‌ಗಳ ಸಹವಾಸ ಮಾತ್ರ ಬೇಡ. ‘ಅಡಿಕೆ ಉದ್ಯಾನ’ ಕಂಡ ಮಲೆನಾಡಿನ ಬೆಳೆಗಾರರು ಎರಡನೇ ಸಾಲು ಓದಲಾರರು!

ನಿಮ್ಮದೇ ತಾಣದಲ್ಲೂ ಒಂದೇ ಪುಟ ಎರಡು ವಿಳಾಸಗಳಲ್ಲಿ ತೆರೆಯುತ್ತಿರಬಹುದು. ಅಸಲಿ ಯಾವುದೆಂದು ಸೂಚಿಸಲು 2009ರಿಂದಲೇ ‘ಕೆನಾನಿಕಲ್’ ಟ್ಯಾಗ್ ಇದೆ. ವೆಬ್‌ಸೈಟ್ ಮಾಡಿಕೊಟ್ಟವರಿಗೆ ಒಂದು ಮಾತು ಹೇಳಿದರೆ ಹಾಕಿಕೊಡುತ್ತಾರೆ.