ನಮೂನೆ 7: ಭೂಸುಧಾರಣೆಗೆ ಒಂದು ಪ್ರವೇಶ

‘ಉಳುವವನೇ ಹೊಲದೊಡೆಯ’ ಎಂಬ ಮಾತನ್ನು ನೀವು ಕೇಳಿಯೇ ಇರುತ್ತೀರಿ. ಆದರೆ ಕರ್ನಾಟಕದಲ್ಲಿ ಹೊಲ ಒಡೆಯರ ಹೆಸರಿನಿಂದ ಉಳುವವರ ಹೆಸರಿಗೆ ದಾಟಿದ್ದು ಹೇಗೆ, ನಡುವೆ ಯಾವ ಕಚೇರಿ, ಯಾವ ಕಾಗದ, ಯಾವ ದಿನಾಂಕ ಕೆಲಸ ಮಾಡಿದವು ಎಂದು ವಿಚಾರಿಸಿದರೆ, ಭೂಮಿ ಪಡೆದ ಮನೆಗಳಲ್ಲೂ ಈಗ ಉತ್ತರ ಸಿಗುವುದು ಕಷ್ಟ. ಆ ದಾರಿಯನ್ನು ಹಂತ ಹಂತವಾಗಿ ನಿಮಗೆ ತೋರಿಸುವುದು ನನ್ನ ಆಸೆ. ಕಾನೂನಿನ ಓದು ನಿಮಗಿರಬೇಕಿಲ್ಲ. ಹೊಸ ಪದ ಬಂದಲ್ಲೆಲ್ಲ ಬಿಡಿಸಿ ಹೇಳುತ್ತೇನೆ.

ಮೊದಲು ಗೇಣಿ. ಒಬ್ಬರ ಹೆಸರಿನಲ್ಲಿರುವ ಭೂಮಿಯನ್ನು ಇನ್ನೊಬ್ಬರು ಉತ್ತು, ಬೆಳೆದದ್ದರಲ್ಲಿ ಒಡೆಯರಿಗೆ ಅಳೆದು ಕೊಡುವ ಪಾಲೇ ಗೇಣಿ. ಕೊಡುವವರು ಗೇಣಿದಾರರು, ಕರಾವಳಿ, ಮಲೆನಾಡುಗಳ ಮಾತಿನಲ್ಲಿ ಒಕ್ಕಲುಗಳು. ಗೇಣಿಯಲ್ಲೂ ಬಗೆಗಳಿದ್ದವು. ದಕ್ಷಿಣ ಕನ್ನಡದಲ್ಲಿ ಮೂಲಗೇಣಿಯವರಿಗೆ ತಲೆಮಾರಿನಿಂದ ತಲೆಮಾರಿಗೆ ಸಲ್ಲುವ ಹಕ್ಕಿತ್ತು. ಚಾಲಗೇಣಿಯವರಿಗೆ ಅಂಥ ಆಸರೆ ಇರಲಿಲ್ಲ. ಧಣಿಗಳು ಏಳು ಎಂದರೆ ಏಳಬೇಕು. ಇಂಥವರಲ್ಲಿ ಬಹಳ ಮಂದಿಯ ಬಳಿ ಗೇಣಿಚೀಟಿಯೂ ಇರಲಿಲ್ಲ, ಕೊಟ್ಟ ಗೇಣಿಗೆ ರಸೀದಿಯೂ ಇರಲಿಲ್ಲ. ಈ ಸಂಗತಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಗೇಣಿ ಎಷ್ಟು ಎಂಬುದರಷ್ಟೇ, ಯಾವ ಅಳತೆಯಲ್ಲಿ ಎಂಬುದೂ ಒಕ್ಕಲುಗಳನ್ನು ಹಿಂಡುತ್ತಿತ್ತು. ಧಾನ್ಯ ಅಳೆಯುವ ಪಾತ್ರೆಗೆ ಕೊಳಗ ಎನ್ನುತ್ತಾರೆ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಒಡೆಯರು ಗೇಣಿ ಅಳೆಸುತ್ತಿದ್ದ ಕೊಳಗ ದೊಡ್ಡದು ಎಂದು ದೀವರ ಸಮುದಾಯದ ಒಕ್ಕಲುಗಳು ಎದ್ದುನಿಂತರು. ಅದೇ 1951ರ ಕಾಗೋಡು ಸತ್ಯಾಗ್ರಹ. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು. ಶಾಂತವೇರಿ ಗೋಪಾಲಗೌಡರಂಥ ಸಮಾಜವಾದಿಗಳು ಜೊತೆಗೆ ನಿಂತರು. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಭೂಸುಧಾರಣೆ ವಿಧಾನಸೌಧದಲ್ಲಿ ಹುಟ್ಟಿತೆಂದು ಯಾರಾದರೂ ನಿಮಗೆ ಹೇಳಿದರೆ, ಈ ಕೊಳಗದ ಕಥೆಯನ್ನು ಅವರಿಗೆ ಹೇಳಿ.

ಇದಾದ ಹತ್ತು ವರ್ಷಕ್ಕೆ, 1961ರಲ್ಲಿ, ರಾಜ್ಯದ ಭೂಸುಧಾರಣಾ ಕಾಯ್ದೆ ರೂಪುಗೊಂಡಿತು; ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಆ ಕಾಯ್ದೆ ಒಕ್ಕಲುಗಳ ಕೈಗೆ ಹೆಚ್ಚೇನೂ ಕೊಡಲಿಲ್ಲ. ಸ್ವಂತ ಬೇಸಾಯದ ಹೆಸರಿನಲ್ಲಿ ಭೂಮಿಯನ್ನು ಮರಳಿ ಪಡೆಯಲು ಅದು ಒಡೆಯರಿಗೆ ಅವಕಾಶವಿಟ್ಟಿತ್ತು. ಜಾರಿಗೆ ತಗಲಿದ ಕಾಲವೂ ಒಡೆಯರಿಗೇ ಅನುಕೂಲವಾಯಿತು.

ನಿಜವಾದ ತಿರುವು ಬಂದದ್ದು ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ ಆದ ತಿದ್ದುಪಡಿಯಿಂದ. ಅದು ಜಾರಿಗೆ ಬಂದ 1974ರ ಮಾರ್ಚ್ 1 ಈ ವಿಷಯದಲ್ಲಿ ನೀವು ಮರೆಯಬಾರದ ದಿನಾಂಕ. ಅದಕ್ಕೆ ತುಸು ಮುನ್ನ ಗೇಣಿದಾರರ ಸ್ವಾಧೀನದಲ್ಲಿದ್ದ ಭೂಮಿಯೆಲ್ಲ, ಕಾಯ್ದೆಯ 44ನೇ ಪ್ರಕರಣದಂತೆ, ಆ ದಿನ ಸರ್ಕಾರದಲ್ಲಿ ‘ನಿಹಿತ’ವಾಯಿತು. ನಿಹಿತವಾಗುವುದು ಎಂದರೆ ಒಡೆತನ ಕಾನೂನಿನ ಬಲದಿಂದಲೇ ಸರ್ಕಾರಕ್ಕೆ ಸೇರುವುದು. ಒಡೆಯರು ಮಾರಬೇಕಿಲ್ಲ, ರುಜು ಹಾಕಬೇಕಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಇಲ್ಲಿ ಸ್ವಲ್ಪ ನಿಲ್ಲಿ. ಭೂಮಿ ಒಡೆಯರಿಂದ ನೇರವಾಗಿ ಒಕ್ಕಲಿಗೆ ಹೋಗಲಿಲ್ಲ. ಮೊದಲು ಸರ್ಕಾರಕ್ಕೆ, ಆಮೇಲೆ ಒಕ್ಕಲಿಗೆ. ಹೀಗೆ ಮಾಡಿದ್ದರಿಂದ ಒಕ್ಕಲು ಧಣಿಯ ಜಗಲಿಯಲ್ಲಿ ಕೈಕಟ್ಟಿ ನಿಂತು ಭೂಮಿ ಕೇಳುವ ಪ್ರಸಂಗ ತಪ್ಪಿತು. ಕೇಳಬೇಕಾದದ್ದು ಸರ್ಕಾರವನ್ನು.

ಕೇಳುವ ಅರ್ಜಿಯೇ ನಮೂನೆ 7. ಕರಾವಳಿಯ ಹಿರಿಯರು ಇದನ್ನು ‘ಡಿಕ್ಲರೇಷನ್’ ಎನ್ನುತ್ತಾರೆ. ಅರ್ಜಿಯನ್ನು ವಿಚಾರಿಸಲು ಭೂ ನ್ಯಾಯಮಂಡಳಿಗಳನ್ನು ರಚಿಸಲಾಯಿತು: ಉಪವಿಭಾಗಾಧಿಕಾರಿ ಅಧ್ಯಕ್ಷರು, ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಸಿವಿಲ್ ನ್ಯಾಯಾಲಯದಲ್ಲಿ ಗೇಣಿಯ ಪ್ರಶ್ನೆ ಎದ್ದರೂ ಅದನ್ನು ಮಂಡಳಿಗೇ ಕಳಿಸಬೇಕಿತ್ತು. ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಈ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 1987ರಲ್ಲಿ ತೆಗೆದುಹಾಕಿತು.

ಚೀಟಿಯಿಲ್ಲದ ಒಕ್ಕಲು ತಾನು ಗೇಣಿದಾರನೆಂದು ತೋರಿಸುವುದು ಹೇಗೆ? ಒಂದು ಆಧಾರ ಪಹಣಿ, ಅಂದರೆ ಪ್ರತಿ ಸರ್ವೆ ನಂಬರಿನ ಒಡೆತನ, ಬೆಳೆ, ಸಾಗುವಳಿದಾರರ ಹೆಸರುಗಳನ್ನು ಬರೆದಿಡುವ ಕಂದಾಯ ದಾಖಲೆ. ಅದರ 12ನೇ ಕಲಮಿನಲ್ಲಿ ಉಳುವವರ ಹೆಸರು ಇರಬೇಕು. ಅದು ಇಲ್ಲದಿದ್ದರೆ ಉಳಿದದ್ದು ಅಕ್ಕಪಕ್ಕದ ಹೊಲದವರ ಬಾಯಿಮಾತಿನ ಸಾಕ್ಷಿ. ಭೂಸುಧಾರಣೆಯ ಜೀವ ಈ ಹಂತದಲ್ಲಿದೆ ಎಂದು ನಾನು ನಂಬಿದ್ದೇನೆ. ಅದೇ ಊರಿನಲ್ಲಿ, ಅದೇ ಧಣಿಯ ಎದುರು, ನೆರೆಯವನಿಗಾಗಿ ‘ಹೌದು, ಈ ಗದ್ದೆ ಉಳುತ್ತಿದ್ದವನು ಇವನೇ’ ಎನ್ನುವುದಕ್ಕೆ ಎಷ್ಟು ಧೈರ್ಯ ಬೇಕಿತ್ತು ಎಂದು ಯೋಚಿಸಿ. ಅರ್ಜಿಯನ್ನೇ ಹಾಕದೆ ಹೆದರಿ ಹಿಂದೆ ಸರಿದವರೂ ಇದ್ದರು. ಅರ್ಜಿ ಸಲ್ಲಿಸುವ ಗಡುವು ಮುಂದೆ ಹೋಗುತ್ತ ಹೋಗಿ 1979ರ ಜೂನ್ 30ಕ್ಕೆ ನಿಂತಿತು. ಬಂದ ಅರ್ಜಿಗಳು 8 ಲಕ್ಷಕ್ಕೂ ಹೆಚ್ಚು. ಅರ್ಜಿ ಒಪ್ಪಿಗೆಯಾದವರು ‘ಅಧಿಭೋಗದಾರ’ರೆಂದು ನೋಂದಣಿಯಾದರು. ಭೂಮಿಯನ್ನು ಹಕ್ಕಿನಿಂದ ಅನುಭವಿಸುವವರು ಎಂದು ಅದರ ಅರ್ಥ. ಅವರಿಗೆ ಸಿಕ್ಕ ಪ್ರಮಾಣಪತ್ರವೇ ನಮೂನೆ 10.

ಒಡೆಯರಿಗೆ ಏನು ಸಿಕ್ಕಿತು? ಪೇಟೆಯ ಬೆಲೆಯಂತೂ ಅಲ್ಲ. ಗೇಣಿಯ ಲೆಕ್ಕಕ್ಕೆ ಹೊಂದಿಸಿ ಕಾನೂನು ನಿಗದಿ ಮಾಡಿದ ಒಂದು ಮೊತ್ತ. ಸರ್ಕಾರಕ್ಕೆ ಇಷ್ಟು ಅಧಿಕಾರ ಎಲ್ಲಿಂದ ಬಂತೆಂದು ನೀವು ಕೇಳಬಹುದು. 1951ರ ಮೊದಲ ತಿದ್ದುಪಡಿ ಸಂವಿಧಾನಕ್ಕೆ 31ಎ ಮತ್ತು 31ಬಿ ವಿಧಿಗಳನ್ನೂ ಒಂಬತ್ತನೇ ಅನುಸೂಚಿಯನ್ನೂ ಸೇರಿಸಿತು. ಆ ಅನುಸೂಚಿ, ಮೂಲಭೂತ ಹಕ್ಕಿನ ಉಲ್ಲಂಘನೆ ಎಂಬ ಕಾರಣಕ್ಕೆ ನ್ಯಾಯಾಲಯಗಳು ರದ್ದು ಮಾಡದಂತೆ ಕಾನೂನುಗಳನ್ನು ರಕ್ಷಿಸಲು ಮಾಡಿದ ಪಟ್ಟಿ. ಕನ್ನಡಿಗರು ತಿಳಿದಿರಬೇಕಾದ ಸಂಗತಿಯೊಂದಿದೆ: ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಕೇರಳದ ಭೂಸುಧಾರಣಾ ಕಾಯ್ದೆಯನ್ನು ಪ್ರಶ್ನಿಸಿದ ಮೊಕದ್ದಮೆಯಲ್ಲೇ, 1973ರ ಏಪ್ರಿಲ್ 24ರಂದು, ಸಂಸತ್ತು ಸಂವಿಧಾನದ ಮೂಲರಚನೆಯನ್ನು ಕೆಡಿಸುವಂತಿಲ್ಲ ಎಂಬ ತೀರ್ಪು ಬಂದಿತು.

ಭೂಮಿತಿ, ಅಂದರೆ ಒಂದು ಕುಟುಂಬ ಇಟ್ಟುಕೊಳ್ಳಬಹುದಾದ ಗರಿಷ್ಠ ಭೂಮಿ, ಇನ್ನೊಂದು ಅಂಗ. ಐವರ ಕುಟುಂಬಕ್ಕೆ 10 ಯೂನಿಟ್ ಎಂದು ಗೊತ್ತುಮಾಡಿದರು. ಉತ್ತಮ ನೀರಾವರಿ ಭೂಮಿಯಾದರೆ 10 ಎಕರೆ, ಒಣಭೂಮಿಯಾದರೆ 54 ಎಕರೆ. ಗೇಣಿ ರದ್ದತಿಯ ಮುಂದೆ ಇದರ ಫಲ ಚಿಕ್ಕದು. ಕಾಫಿ, ಚಹಾ, ರಬ್ಬರ್, ಏಲಕ್ಕಿ ತೋಟಗಳಿಗಂತೂ ವಿನಾಯಿತಿಯೇ ಇತ್ತು.

ಕಾಯ್ದೆಯ ಕೊರತೆಗಳನ್ನೂ ನೀವು ಅಷ್ಟೇ ಗಮನವಿಟ್ಟು ನೋಡಬೇಕು. ಉಳಲಾಗದೆ ಒಂದೆರಡು ಎಕರೆಯನ್ನು ಗೇಣಿಗೆ ಕೊಟ್ಟಿದ್ದ ವಿಧವೆಯೂ ನೂರಾರು ಎಕರೆಯ ಧಣಿಯೂ ಅದರ ಕಣ್ಣಿಗೆ ಒಂದೇ ಆದರು. ಸೈನಿಕರು ಮತ್ತು ನಾವಿಕರಿಗಷ್ಟೇ ರಿಯಾಯಿತಿ. ಇನ್ನೂ ದೊಡ್ಡ ಕೊರತೆ ಕೂಲಿಯಾಳುಗಳದ್ದು. ಗೇಣಿದಾರರಿಗೆ ಭೂಮಿ ಎಂದಾಗ, ಗೇಣಿಗೂ ಭೂಮಿ ಸಿಗದಿದ್ದವರು ಹೊರಗೇ ಉಳಿದರು. ಅವರಲ್ಲಿ ಬಹುಪಾಲು ದಲಿತರು. ಶಿವರಾಮ ಕಾರಂತರ ಕಾದಂಬರಿಯ ಚೋಮ, ಉಳಲು ಭೂಮಿ ಕೇಳಿಯೂ ಪಡೆಯದವನು, 1974ರಲ್ಲಿ ಬದುಕಿದ್ದರೂ ನಮೂನೆ 7ನ್ನು ತುಂಬಲಾಗುತ್ತಿರಲಿಲ್ಲ. ಈ ಕಾಯ್ದೆಯನ್ನು ನಾನು ದೊಡ್ಡ ಸಾಧನೆಯೆಂದೇ ಕಾಣುತ್ತೇನೆ, ಆದರೆ ಅದು ಅರ್ಧ ದಾರಿಯ ಸಾಧನೆ. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳದಂತೆ ತಡೆದಿದ್ದ 79ಎ, 79ಬಿ ಪ್ರಕರಣಗಳನ್ನೂ 2020ರಲ್ಲಿ ತೆಗೆದುಹಾಕಲಾಗಿದೆ.

ಮುಂದಿನ ಓದನ್ನು ನಿಮ್ಮ ಮನೆಯಿಂದಲೇ ಆರಂಭಿಸಿ. ಹಳೆಯ ಕಾಗದಗಳ ನಡುವೆ ನಮೂನೆ 10 ಇದೆಯೇ ನೋಡಿ. ಇದ್ದರೆ ಅದರಲ್ಲಿರುವ ಸರ್ವೆ ನಂಬರನ್ನು ಪಹಣಿಯೊಡನೆ ಹೋಲಿಸಿ ಓದಿ. ಅನಂತರ ಮಂಡಳಿಯ ಮುಂದೆ ಅರ್ಜಿ ಹಾಕಿದವರನ್ನು, ಸಾಕ್ಷಿ ನುಡಿದವರನ್ನು, ಭೂಮಿ ಕಳೆದುಕೊಂಡವರನ್ನು ಹುಡುಕಿ ಮಾತಾಡಿಸಿ, ಕೇಳಿದ್ದನ್ನು ಬರೆದಿಡಿ. ತಡಮಾಡಬೇಡಿ, 1974ರಲ್ಲಿ ಇಪ್ಪತ್ತೈದರವರಾಗಿದ್ದವರಿಗೆ ಈಗ ಎಪ್ಪತ್ತೈದು ದಾಟಿದೆ.